ಐಎಲ್-6 ಏರಿದ್ದು ಒಳ್ಳೆಯ ಸೂಚನೆಯೇ?

ಪ್ರಯೋಗಾಲಯದಲ್ಲಿ ಬೆಳೆಸುವ ಎಂಡಿಎ-ಎಂಬಿ-231 ಎಂಬ ಸ್ತನ ಕ್ಯಾನ್ಸರ್ ಕೋಶಗಳಿಗೆ ಇ. ಕೋಲಿ ಬ್ಯಾಕ್ಟೀರಿಯಾದ ಸಾರ ಹಾಕಿದಾಗ ಐಎಲ್-6 (ಉರಿಯೂತದ ಸಂಕೇತ ಒಯ್ಯುವ ಪ್ರೋಟೀನು) ಏರಿತು, ಇದು ಒಳ್ಳೆಯದೇ ಅಂತ ಕೇಳಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಈ ಕೋಶಗಳ ಮೇಲೆ ಬ್ಯಾಕ್ಟೀರಿಯಾದ ಗುರುತು ಹಿಡಿಯುವ ಟಿಎಲ್‌ಆರ್4 ಎಂಬ ಗ್ರಾಹಕವಿದೆ. ಇ. ಕೋಲಿಯ ಹೊರಪೊರೆಯಲ್ಲಿರುವ, ಕೊಬ್ಬು ಮತ್ತು ಸಕ್ಕರೆ ಸೇರಿದ ಅಣುವಾದ ಎಲ್‌ಪಿಎಸ್ ಅದನ್ನು ಕೆಣಕುತ್ತದೆ. ಆಗ ಎನ್‌ಎಫ್-ಕಪ್ಪಾ-ಬಿ ಎಂಬ ಜೀನ್ ಸ್ವಿಚ್ ಚುರುಕಾಗಿ ಐಎಲ್-6, ಅದೇ ಬಗೆಯ ಐಎಲ್-8 ಜಾಸ್ತಿಯಾಗುತ್ತವೆ. ರೋಗನಿರೋಧಕ ಕೋಶದಲ್ಲಾದರೆ ಇದು ಕಾವಲುಗಾರನ ಕೂಗು. ಕ್ಯಾನ್ಸರ್ ಕೋಶ ಇದನ್ನೇ ಬಳಸಿಕೊಂಡು ಬೆಳೆಯಬಹುದು, ಹರಡಲೂಬಹುದು.

ಆದರೆ ಸಾರದಲ್ಲಿ ಎಲ್‌ಪಿಎಸ್ ಒಂದೇ ಇರುವುದಿಲ್ಲ, ಅಲ್ವಾ? ಲಿಪೊಪ್ರೋಟೀನು ಟಿಎಲ್‌ಆರ್2ನ್ನು, ಬ್ಯಾಕ್ಟೀರಿಯಾದ ಬಾಲದ ಪ್ರೋಟೀನಾದ ಫ್ಲಾಜೆಲಿನ್ ಟಿಎಲ್‌ಆರ್5ನ್ನು ಎಬ್ಬಿಸುತ್ತದೆ. ಟಿಎಲ್‌ಆರ್5 ಚುರುಕಾದಾಗ ಸ್ತನ ಕ್ಯಾನ್ಸರ್ ಕೋಶಗಳ ಬೆಳವಣಿಗೆ ತಗ್ಗಿದ ಪ್ರಯೋಗಗಳೂ ಇವೆ! ಹಾಗಾಗಿ ಮೊದಲು ಪಾಲಿಮಿಕ್ಸಿನ್ ಬಿ ಎಂಬ ಪ್ರತಿಜೀವಕ ಸೇರಿಸಿ ನೋಡಿ. ಅದು ಎಲ್‌ಪಿಎಸ್ಸನ್ನು ಕಟ್ಟಿಹಾಕುತ್ತದೆ. ಆಮೇಲೂ ಐಎಲ್-6 ಇಳಿಯದಿದ್ದರೆ ಬೇರೆ ಗ್ರಾಹಕವನ್ನು ಹುಡುಕಿ. ಜೊತೆಗೆ ಕೋಶಗಳು ಹೆಚ್ಚಿದವೋ ಸತ್ತವೋ ಅನ್ನುವುದನ್ನೂ ಅಳೆಯಿರಿ.