ಕೈಗಡಿಯಾರ ಕೊಂಡವರು ಯಾರು?

ಶಿಡ್ಲಘಟ್ಟದ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: 1970ರ ದಶಕದಲ್ಲಿ ತಾವೂ ಬೆಲ್‌ಬಾಟಂ ತೊಟ್ಟು, ಕಿವಿ ಮುಚ್ಚುವಷ್ಟು ಕೂದಲು ಬಿಟ್ಟವರೇ; ಆದರೂ ಒಂದೇ ಎಚ್‌ಎಂಟಿ ಗಡಿಯಾರವನ್ನು 30 ವರ್ಷ ಕಟ್ಟಿದ ತಮ್ಮ ಪೀಳಿಗೆಗೆ, ವರ್ಷಕ್ಕೊಂದು ಮೊಬೈಲ್ ಬದಲಿಸುವ ಇಂದಿನ ಹುಡುಗರ ಕೊಳ್ಳುಬಾಕತನ ಗೊತ್ತಿರಲಿಲ್ಲ ಎಂಬುದು ಅವರ ವಾದ.

ಮಾನ್ಯರೇ, ವಸ್ತುಗಳನ್ನು ನೀವು ಜೋಪಾನವಾಗಿ ಬಳಸಿದಿರೆಂಬುದನ್ನು ಒಪ್ಪುತ್ತೇನೆ. ಆಸೆ ಕಡಿಮೆಯಿತ್ತೆಂಬುದನ್ನು ಒಪ್ಪಲಾರೆ, ಕಡಿಮೆಯಿದ್ದದ್ದು ಸರಕು. ಬಜಾಜ್ ಸ್ಕೂಟರಿಗೆ ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯಬೇಕಿದ್ದ ಕಾಲದಲ್ಲಿ ಅದನ್ನು ಬದಲಿಸುವ ಮಾತೇ ಏಳುತ್ತಿರಲಿಲ್ಲ. ಬಟ್ಟೆಯ ವಿಷಯಕ್ಕಂತೂ ನಿಮ್ಮ ಊರೇ ಸಾಕ್ಷಿ. ಮನೆಯೊಳಗೆ ಚಂದ್ರಿಕೆಗಳ (ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿಗಳ) ತುಂಬ ರೇಷ್ಮೆಗೂಡು ಕಟ್ಟಿಸುತ್ತಿದ್ದವರ ಮಕ್ಕಳು ಟೆರಿಲಿನ್ ಎಂಬ ಕೃತಕ ನೂಲಿನ ಅಂಗಿಗೆ ಮನಸೋತರು. ಸುಕ್ಕಾಗದ, ಒಗೆದರೆ ಬೇಗ ಒಣಗುವ ಆ ಬಟ್ಟೆ ಬೇಸಿಗೆಯಲ್ಲಿ ಬೆವರು ಹೀರದೆ ಮೈಗೆ ಅಂಟುತ್ತಿದ್ದರೂ (ನಾನೂ ಅನುಭವಿಸಿದ್ದೇನೆ) ಯಾರೂ ಬಿಡಲಿಲ್ಲ.

ನಿಮ್ಮ ಪತ್ರದಲ್ಲಿಲ್ಲದ ಸಂಗತಿ, ಆ ಗಡಿಯಾರಕ್ಕೆ ಹಣ ಕೊಟ್ಟವರು ಯಾರೆಂಬುದು. ನಿಮ್ಮ ಮನೆಯ ವಿಷಯ ನನಗೆ ತಿಳಿಯದು. ಆದರೆ ಆಗಿನ ಅವಿಭಜಿತ ಕೋಲಾರ ಜಿಲ್ಲೆಯ ಮದುವೆ ಮಾತುಕತೆಗಳಲ್ಲಿ ವಾಚು, ಉಂಗುರ, ಸೂಟುಗಳು ವರೋಪಚಾರದ ಹೆಸರಿನಲ್ಲಿ ಪಟ್ಟಿ ಸೇರುತ್ತಿದ್ದವು. ವರನಿಗೆ ಸರ್ಕಾರಿ ನೌಕರಿಯಿದ್ದರೆ ಸ್ಕೂಟರಿನ ಮಾತೂ ಬರುತ್ತಿತ್ತು. 1976ರಲ್ಲಿ ನನ್ನ ಅಕ್ಕನ ಮದುವೆಗೆಂದು ನಮ್ಮ ತಂದೆ ಒಂದು ಬೆಳೆಯ ರೇಷ್ಮೆಗೂಡನ್ನು ಮಾರಿ, ಆ ಹಣದಲ್ಲಿ ಅಳಿಯನಿಗೆ ವಾಚನ್ನೂ ಸೂಟಿನ ಬಟ್ಟೆಯನ್ನೂ ತಂದರು. ತಾವು ಮಾತ್ರ ಹೊತ್ತು ತಿಳಿಯಲು ಪಕ್ಕದ ಮನೆಯ ರೇಡಿಯೊಗೆ ಕಿವಿಗೊಡುತ್ತಿದ್ದರು. ಭಾವನವರೂ ಆ ವಾಚನ್ನು ನಿಮ್ಮಂತೆಯೇ ಬಹುಕಾಲ ಕಟ್ಟಿದರು, ಅದರ ಬಾಳಿಕೆಯನ್ನು ಹೊಗಳಿದರು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಗಡಿಯಾರದ ಕಾರ್ಖಾನೆ ಆರಂಭವಾದದ್ದು 1961ರಲ್ಲಿ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದೂ ಅದೇ ವರ್ಷ. ನಮ್ಮ ಹಳ್ಳಿಗಳಿಗೆ ಮೊದಲು ತಲುಪಿದ್ದು ಗಡಿಯಾರ.

ಇಂದಿನ ಹುಡುಗರು ಸಾಲದ ಕಂತಿನಲ್ಲಿ ಮೊಬೈಲ್ ಕೊಳ್ಳುವುದನ್ನು ನಾನೂ ಮೆಚ್ಚುವುದಿಲ್ಲ, ವರದಕ್ಷಿಣೆ ಇಂದಿಗೂ ನಿಂತಿಲ್ಲವೆಂಬುದನ್ನೂ ಬಲ್ಲೆ. ಆದರೂ ದುಡಿಯುವ ಹುಡುಗನೊಬ್ಬನ ಮೊಬೈಲಿನ ಕಂತು ಅವನ ಸಂಬಳದಿಂದಲೇ ಕಡಿತವಾಗುತ್ತಿದ್ದರೆ, ಅವನನ್ನು ನಮ್ಮ ಪೀಳಿಗೆಯವರ ಮುಂದೆ ನಿಲ್ಲಿಸಿ ಗದರುವುದಕ್ಕೆ ನನಗೆ ಬಾಯಿ ಬಾರದು. ನಿಮ್ಮ ಗಡಿಯಾರ ಕೊಂಡವರು ಯಾರೆಂಬುದನ್ನು ಬರೆದು ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಅವಶ್ಯವಾಗಿ ಪ್ರಕಟಿಸುತ್ತೇವೆ.

— ಸಂಪಾದಕ