ಹುಬ್ಬಳ್ಳಿಗೆ 500 ಹಾಸಿಗೆ ಕೊಟ್ಟರೆ ಸಾಕಾ?

ಹಾವೇರಿ ಜಿಲ್ಲೆಯ ಓದುಗರೊಬ್ಬರ ಪತ್ರ: ‘ತಂಗಿಗೆ ರಾತ್ರಿ ಹೆರಿಗೆ ನೋವು ಬಂತು. ಸಿಸೇರಿಯನ್ ಆಗಬೇಕು, ಅನಸ್ತೇಶಿಯಾ ಡಾಕ್ಟರು ಇಲ್ಲ, ಹುಬ್ಬಳ್ಳಿಗೆ ಕರಕೊಂಡು ಹೋಗಿ ಎಂದು ತಾಲ್ಲೂಕು ಆಸ್ಪತ್ರೆಯಲ್ಲಿ ಚೀಟಿ ಬರೆದರು. 108ರಲ್ಲಿ ಹೋದೆವು. ತಾಯಿ, ಮಗು ಹುಷಾರಾಗಿದ್ದಾರೆ. ಆದರೆ ಅಲ್ಲಿ ಸೇರಿದ್ದ ಜನ ನೋಡಿ ಗಾಬರಿಯಾಯಿತು. ಹುಬ್ಬಳ್ಳಿಯ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಕಿಮ್ಸ್‌ಗೆ ಇನ್ನೊಂದು 500 ಹಾಸಿಗೆ ಕೊಡಿ ಎಂದು ನಿಮ್ಮ ಪತ್ರಿಕೆ ಯಾಕೆ ಒತ್ತಾಯ ಮಾಡಬಾರದು?’

ಸಂಪಾದಕರ ಉತ್ತರ:

ಮೊದಲಿಗೆ, ತಂಗಿಯ ಬಾಣಂತನ ಚೆನ್ನಾಗಿ ಆಗಲಿ. ಮಗುವಿಗೆ ನಮ್ಮೆಲ್ಲರ ಹಾರೈಕೆ.

ಹಾಸಿಗೆ ಬೇಕು, ಅದರಲ್ಲಿ ತಕರಾರಿಲ್ಲ. 1957ರಲ್ಲಿ ಹುಬ್ಬಳ್ಳಿಯಲ್ಲಿ ಮೆಡಿಕಲ್ ಕಾಲೇಜು ಶುರುವಾದಾಗ ಧಾರವಾಡ, ಗದಗ, ಹಾವೇರಿ ಎಲ್ಲ ಒಂದೇ ಜಿಲ್ಲೆ. 1997ರಲ್ಲಿ ಮೂರಾದವು. 2011ರ ಜನಗಣತಿಯಲ್ಲೇ ಈ ಮೂರು ಜಿಲ್ಲೆಗಳ ಜನ 45 ಲಕ್ಷ. ಮೇಲೆ ಬಾಗಲಕೋಟೆ, ಕೊಪ್ಪಳ, ಶಿರಸಿ, ಯಲ್ಲಾಪುರದ ಕಡೆಯವರೂ ಅಲ್ಲಿಗೇ ಬರುತ್ತಾರೆ. ಸಾವಿರ ಜನಕ್ಕೆ 2 ಹಾಸಿಗೆ ಇರಬೇಕು ಅನ್ನುತ್ತದೆ 2017ರ ರಾಷ್ಟ್ರೀಯ ಆರೋಗ್ಯ ನೀತಿ. 45 ಲಕ್ಷಕ್ಕೆ ಅದು 9,000 ಆಗುತ್ತದೆ.

ಆದರೆ ನೀವು ಕೇಳಿದ ಆ 500ರ ಲೆಕ್ಕವನ್ನೇ ಮಾಡಿ ನೋಡೋಣ. ಸಾಮಾನ್ಯ ವಾರ್ಡಿನಲ್ಲಿ 6 ರೋಗಿಗಳಿಗೆ ಒಬ್ಬ ನರ್ಸ್ ಎಂಬುದು ಹಳೆಯ ಸರ್ಕಾರಿ ಅಳತೆ. ಒಂದು ಪಾಳಿಗೆ ಸುಮಾರು 83 ಜನ ಬೇಕು. ದಿನಕ್ಕೆ 3 ಪಾಳಿ ಅಂದರೆ 250. ವಾರದ ರಜೆ, ಹೆರಿಗೆ ರಜೆ, ಜ್ವರ ಎಲ್ಲಕ್ಕೂ ಶೇ 30ರಷ್ಟು ಜಾಸ್ತಿ ಇಟ್ಟುಕೊಂಡರೆ 325 ಆಗುತ್ತದೆ. ಇದು ಬರೀ ಸಾಮಾನ್ಯ ವಾರ್ಡಿನ ಮಾತು. ಐಸಿಯುನಲ್ಲಿ ವೆಂಟಿಲೇಟರ್ ಹಾಕಿದ ರೋಗಿಗೆ ಒಬ್ಬ ಸಿಸ್ಟರ್ ಪಕ್ಕದಲ್ಲೇ ಇರಬೇಕು. ಡಾಕ್ಟರು, ಲ್ಯಾಬಿನವರು, ಗುಡಿಸಿ ಒರೆಸುವವರ ಲೆಕ್ಕ ಇನ್ನೂ ಹಿಡಿದೇ ಇಲ್ಲ.

ಕಟ್ಟಡಕ್ಕೆ ದುಡ್ಡು ಹೇಗೋ ಹುಟ್ಟುತ್ತದೆ. ಪ್ರಧಾನಮಂತ್ರಿ ಸ್ವಾಸ್ಥ್ಯ ಸುರಕ್ಷಾ ಯೋಜನೆಯ 3ನೇ ಹಂತದಲ್ಲಿ ಹುಬ್ಬಳ್ಳಿಯ ಕಿಮ್ಸ್ ಕೂಡ ಇತ್ತು. ಆ ಹಂತದಲ್ಲಿ ಒಂದೊಂದು ಕಾಲೇಜಿಗೆ 150 ಕೋಟಿ ರೂಪಾಯಿ, ಕೇಂದ್ರದ್ದು 120, ರಾಜ್ಯದ್ದು 30 ಎಂಬ ಲೆಕ್ಕ. ಅದು ಒಂದು ಸಲದ ಖರ್ಚು. ಸಂಬಳ ಹಾಗಲ್ಲ, ತಿಂಗಳು ತಿಂಗಳು ಕೊಡಬೇಕು. ಅದಕ್ಕೆ ಗುದ್ದಲಿ ಪೂಜೆ ಇಲ್ಲ, ಫೋಟೊನೂ ಇಲ್ಲ. ಹುದ್ದೆಗಳು ಖಾಲಿ ಬೀಳುವುದು ಸುಮ್ನೆ ಅಲ್ಲ.

ಇನ್ನು ನಿಮ್ಮ ತಂಗಿಯ ವಿಷಯ. ಆ ರಾತ್ರಿ ಅವರಿಗೆ ಹುಬ್ಬಳ್ಳಿಯ ಹಾಸಿಗೆ ಬೇಕಾಗಿರಲಿಲ್ಲ. ಹಾಸಿಗೆ ನಿಮ್ಮ ತಾಲ್ಲೂಕಿನಲ್ಲೇ ಇತ್ತು, ಆಪರೇಷನ್ ಥಿಯೇಟರೂ ಇದ್ದಿರಬೇಕು. ಇಲ್ಲದ್ದು ಅರಿವಳಿಕೆ (ಅನಸ್ತೇಶಿಯಾ) ಕೊಡುವ ಒಬ್ಬರು. ಅವರೊಬ್ಬರಿಲ್ಲದ್ದಕ್ಕೆ ಹುಬ್ಬಳ್ಳಿಯಲ್ಲಿ ಒಂದು ಹಾಸಿಗೆ ಕೆಲವು ದಿನ ತುಂಬಿತು. ಇಂಥ ಕೇಸುಗಳು ತಾಲ್ಲೂಕಿನಲ್ಲೇ ನಿಂತರೆ, ತಲೆಗೆ ಪೆಟ್ಟಾಗಿ ಬಂದವರಿಗೆ, ಉಸಿರಾಡಲು ಕಷ್ಟಪಡುವ ಕೂಸಿಗೆ ಹುಬ್ಬಳ್ಳಿಯಲ್ಲಿ ಜಾಗ ಸಿಗುತ್ತದೆ. ಅದು ದೊಡ್ಡಾಸ್ಪತ್ರೆಯ ಕೆಲಸ, ಅಲ್ವಾ?

ಅರಿವಳಿಕೆಗೆ ಒಬ್ಬರನ್ನು ಹಾಕಿದರೂ ಸಾಲದು. ಅವರೂ ಮನುಷ್ಯರೇ, ದಿನವೂ ರಾತ್ರಿ ಎದ್ದು ಬರಲಾಗದು. ಇಬ್ಬರಾದರೂ ಬೇಕು. ತಜ್ಞರು ಸಿಗದ ಕಡೆ ಎಂಬಿಬಿಎಸ್ ಡಾಕ್ಟರಿಗೇ ತುರ್ತು ಅರಿವಳಿಕೆಯ ತರಬೇತಿ ಕೊಡುವ ವ್ಯವಸ್ಥೆ ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿದೆ. ತರಬೇತಿ ಆದವರನ್ನು ಆ ಕೆಲಸದಲ್ಲೇ ಉಳಿಸಿಕೊಳ್ಳಬೇಕಷ್ಟೆ.

ಗದಗ, ಕೊಪ್ಪಳದಲ್ಲಿ 2015ರಲ್ಲಿ, ಕಾರವಾರದಲ್ಲಿ 2016ರಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಶುರುವಾದವು, ಆಮೇಲೆ ನಿಮ್ಮ ಹಾವೇರಿಗೂ ಬಂತು. ನಮ್ಮ ಒತ್ತಾಯ ಏನಿದ್ದರೂ ಅಲ್ಲಿನ ಹುದ್ದೆ ತುಂಬಿ ಎಂಬುದು ಮೊದಲು, ಹುಬ್ಬಳ್ಳಿಯ ಹೊಸ ಬ್ಲಾಕು ಆಮೇಲೆ.

ನಿಮ್ಮಿಂದಲೂ ಒಂದು ಕೆಲಸ ಆಗಬೇಕು. 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಮಂಜೂರಾದ ಅರಿವಳಿಕೆ, ಹೆರಿಗೆ, ಮಕ್ಕಳ ತಜ್ಞರ ಹುದ್ದೆ ಎಷ್ಟು, ತುಂಬಿದ್ದು ಎಷ್ಟು, ಕಳೆದ ವರ್ಷ ರಾತ್ರಿ 8ರ ಮೇಲೆ ಎಷ್ಟು ಸಿಸೇರಿಯನ್ ಆಗಿವೆ ಎಂದು ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಅದನ್ನು ಆಸ್ಪತ್ರೆಯ ಮೇಲ್ವಿಚಾರಣೆ ನೋಡುವ ಆರೋಗ್ಯ ರಕ್ಷಾ ಸಮಿತಿಯ ಮುಂದಿಡಿ, ನಮಗೂ ಒಂದು ಪ್ರತಿ ಕಳಿಸಿ. ಅಚ್ಚು ಹಾಕುತ್ತೇವೆ.