ಫಿಸಿಯೋಥೆರಪಿ ಸಂಶೋಧನೆಗಳನ್ನು ಹುಡುಕುವಾಗ ಸಮಯ ಸೋರಿಹೋಗುವುದು ಎಲ್ಲಿ?

ಫ್ರೋಜನ್ ಶೋಲ್ಡರ್ (ಭುಜ ಬಿಗಿದು ನೋಯುವ ಕಾಯಿಲೆ) ಇರುವವರಿಗೆ ವ್ಯಾಯಾಮದಿಂದ ಎಷ್ಟು ಪ್ರಯೋಜನ ಎಂಬುದರ ಮೇಲೆ ಪ್ರಬಂಧ ಬರೆಯಬೇಕಿದೆ, ವೈದ್ಯಕೀಯ ಲೇಖನಗಳ ಆನ್‌ಲೈನ್ ಸಂಗ್ರಹವಾದ ಪಬ್‌ಮೆಡ್‌ನಲ್ಲಿ ಹುಡುಕಿದರೆ ಸಂಬಂಧವಿಲ್ಲದ ಲೇಖನಗಳೇ ರಾಶಿ ಬೀಳುತ್ತವೆ, ಬೇಗ ಹುಡುಕುವುದು ಹೇಗೆ ಎಂದು ಕೇಳಿದ್ದೀರಿ. ವಿದ್ಯಾರ್ಥಿಯಾಗಿದ್ದಾಗ ನಾನು ಕೆಲಸ ಮಾಡಿದ್ದೂ ಇದೇ ವಿಷಯದ ಮೇಲೆ. ಎರಡು ವಾರ ಕೂತು ಮಾಡಿದ ಪಟ್ಟಿಯನ್ನು ಮಾರ್ಗದರ್ಶಕರ ಮುಂದಿಟ್ಟಾಗ ಅವರು ಕೇಳಿದ್ದು ಒಂದೇ: “ಅಡ್ಹೆಸಿವ್ ಕ್ಯಾಪ್ಸುಲೈಟಿಸ್ ಎಂದು ಹುಡುಕಿದ್ದೀಯಾ?” ಹುಡುಕಿರಲಿಲ್ಲ. ಕಾಯಿಲೆ ಅದೇ, ಹೆಸರು ಬೇರೆ. ಪಟ್ಟಿಯನ್ನು ಮೊದಲಿನಿಂದ ಮಾಡಬೇಕಾಯಿತು.

ಅಂದಿನಿಂದ ಕಂಪ್ಯೂಟರ್ ಮುಂದೆ ಕೂರುವ ಮೊದಲು ಒಂದು ಹಾಳೆ ತೆಗೆದುಕೊಳ್ಳುತ್ತೇನೆ. ರೋಗಿ ಯಾರು, ಚಿಕಿತ್ಸೆ ಯಾವುದು, ಯಾವುದರೊಂದಿಗೆ ಹೋಲಿಕೆ, ಅಳೆಯುವ ಪರಿಣಾಮ ಏನು ಎಂದು ನಾಲ್ಕು ಕಾಲಂ ಹಾಕುತ್ತೇನೆ. ಪಾಠದಲ್ಲಿ ಇದನ್ನು ಪಿಕೊ ಎಂದು ಕಲಿತಿರುತ್ತೀರಿ. ಆದರೆ ನಾಲ್ಕನ್ನೂ ಹುಡುಕಾಟದ ಪೆಟ್ಟಿಗೆಗೆ ತುಂಬಬೇಡಿ. ನೋವು, ಚಲನೆಯ ವ್ಯಾಪ್ತಿ ಇಂಥವನ್ನು ಅಳೆದಿದ್ದರೂ ಸಾರಾಂಶದಲ್ಲಿ ಹೆಸರಿಸದ ಲೇಖನಗಳು ಬಹಳ. ಪರಿಣಾಮದ ಪದ ಸೇರಿಸಿದ ಕೂಡಲೇ ಅವು ಕೈತಪ್ಪುತ್ತವೆ. ಮೊದಲ ಎರಡು ಕಾಲಂ ಸಾಕು, ಆದರೆ ಒಂದೊಂದರ ಕೆಳಗೂ ಬಳಕೆಯಲ್ಲಿರುವ ಎಲ್ಲ ಹೆಸರುಗಳು ಇರಬೇಕು. ನಮ್ಮ ವೃತ್ತಿಗೇ ಎರಡು ಹೆಸರಿದೆ: ಅಮೆರಿಕದವರು ಫಿಸಿಕಲ್ ಥೆರಪಿ ಎನ್ನುತ್ತಾರೆ, ಬ್ರಿಟನ್ ಮತ್ತು ಆಸ್ಟ್ರೇಲಿಯಾದವರು ಫಿಸಿಯೋಥೆರಪಿ ಎನ್ನುತ್ತಾರೆ. ಒಂದನ್ನೇ ಹಾಕಿದರೆ ಇನ್ನೊಂದು ಕಡೆಯ ಎಷ್ಟೋ ಕೆಲಸ ಕಣ್ಣಿಗೇ ಬೀಳುವುದಿಲ್ಲ.

ನಿಮಗೆ ಸಂಬಂಧವಿಲ್ಲದ ಲೇಖನಗಳು ಬರುವುದಕ್ಕೂ ಕಾರಣವಿದೆ. ಪಬ್‌ಮೆಡ್ ನೀವು ಬರೆದ ಪದವನ್ನು ಹಾಗೆಯೇ ಹುಡುಕುವುದಿಲ್ಲ. ತನ್ನ ವಿಷಯಸೂಚಿಯಾದ ಮೆಶ್‌ನಲ್ಲಿ ಅದಕ್ಕೆ ಹೊಂದುವ ಶೀರ್ಷಿಕೆಯನ್ನೂ ಸೇರಿಸಿಕೊಳ್ಳುತ್ತದೆ. ಮೆಶ್‌ನಲ್ಲಿ ಫ್ರೋಜನ್ ಶೋಲ್ಡರ್‌ಗೆ ಸಿಗುವ ಶೀರ್ಷಿಕೆ ಬರ್ಸೈಟಿಸ್, ಅಂದರೆ ಕೀಲಿನ ಬಳಿಯ ದ್ರವದ ಚೀಲದ ಉರಿಯೂತ. ಹಾಗಾಗಿ ಸೊಂಟದ ಪಕ್ಕದ ಬರ್ಸೈಟಿಸ್, ಮೊಣಕೈಯ ಬರ್ಸೈಟಿಸ್ ಎಲ್ಲವೂ ಹಿಂದೆಯೇ ಬರುತ್ತವೆ. ಅಡ್ವಾನ್ಸ್ಡ್ ಪುಟಕ್ಕೆ ಹೋಗಿ, ನಿಮ್ಮ ಹುಡುಕಾಟದ ಇತಿಹಾಸದಲ್ಲಿ ವಿವರಗಳನ್ನು ತೆರೆದು ನೋಡಿ. ಯಂತ್ರ ನಿಮ್ಮ ಪದವನ್ನು ಹೇಗೆ ಅರ್ಥ ಮಾಡಿಕೊಂಡಿದೆ ಎಂಬುದು ಅಲ್ಲಿ ಪೂರ್ತಿ ಕಾಣುತ್ತದೆ. ಹೆಚ್ಚಿನವರು ಆ ಪುಟವನ್ನು ತೆರೆಯುವುದೇ ಇಲ್ಲ ಎಂಬುದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಪದಗುಚ್ಛವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಈ ಸೇರಿಕೆ ನಿಲ್ಲುತ್ತದೆ. ಒಂದೇ ಅರ್ಥದ ಪದಗಳನ್ನು ‘ಆರ್’ನಿಂದ (ಯಾವುದಾದರೊಂದು ಇದ್ದರೆ ಸಾಕು) ಜೋಡಿಸಿ ಆವರಣದೊಳಗಿಡಿ, ಕಾಯಿಲೆಯ ಆವರಣ, ಚಿಕಿತ್ಸೆಯ ಆವರಣ ಎರಡನ್ನೂ ‘ಆ್ಯಂಡ್’ನಿಂದ (ಎರಡೂ ಇರಲೇಬೇಕು) ಕಟ್ಟಿ. ಪಬ್‌ಮೆಡ್ ಎಡದಿಂದ ಬಲಕ್ಕೆ ಓದಿಕೊಂಡು ಹೋಗುತ್ತದೆ, ಆವರಣ ಮರೆತರೆ ಅರ್ಥವೇ ಬದಲಾಗುತ್ತದೆ. ಪದದ ಮುಂದಿನ ಭಾಗ ಏನಿದ್ದರೂ ಹುಡುಕು ಎನ್ನುವ ನಕ್ಷತ್ರ ಚಿಹ್ನೆಯನ್ನು (*) ಎಲ್ಲಿ ಇಡುತ್ತೀರಿ ಎಂಬುದೂ ಮುಖ್ಯ. ‘ಫಿಸಿಯೋ’ ಆದ ಕೂಡಲೇ ಇಟ್ಟರೆ ಫಿಸಿಯಾಲಜಿಯ ಲೇಖನಗಳೆಲ್ಲ ನುಗ್ಗುತ್ತವೆ. ‘ಫಿಸಿಯೋಥೆರಪ್’ವರೆಗೆ ಬರೆದು ಇಟ್ಟರೆ ಫಿಸಿಯೋಥೆರಪಿ, ಫಿಸಿಯೋಥೆರಪಿಸ್ಟ್ ಎರಡೂ ಸಿಗುತ್ತವೆ. ಇನ್ನು ಶಸ್ತ್ರಚಿಕಿತ್ಸೆಯ ಲೇಖನಗಳು ಬೇಡವೆಂದು ‘ನಾಟ್ ಸರ್ಜರಿ’ ಎಂದು ಬರೆಯುವ ಆಸೆಯಾಗುತ್ತದೆ. ದಯವಿಟ್ಟು ಬೇಡ. ವ್ಯಾಯಾಮವನ್ನು ಶಸ್ತ್ರಚಿಕಿತ್ಸೆಯೊಂದಿಗೆ ಹೋಲಿಸಿದ ಅಧ್ಯಯನಗಳು, ಅಂದರೆ ನಿಮಗೆ ತೀರಾ ಬೇಕಾದವೇ, ಅದರೊಂದಿಗೆ ಹೊರಟುಹೋಗುತ್ತವೆ.

ಇಷ್ಟೆಲ್ಲ ಹೇಳಿದರೂ, ನಿಮ್ಮ ಪ್ರಶ್ನೆ ಚಿಕಿತ್ಸೆಯ ಪರಿಣಾಮದ ಬಗ್ಗೆ ಆಗಿರುವುದರಿಂದ ಪಬ್‌ಮೆಡ್‌ಗಿಂತ ಮೊದಲು ಪೆಡ್ರೊಗೆ ಹೋಗಿ. ಸಿಡ್ನಿಯ ಫಿಸಿಯೋಥೆರಪಿಸ್ಟ್‌ಗಳು ಕಟ್ಟಿ 1999ರಲ್ಲಿ ತೆರೆದ ಈ ಉಚಿತ ಸಂಗ್ರಹದಲ್ಲಿ ನಮ್ಮ ಕ್ಷೇತ್ರದ ಯಾದೃಚ್ಛಿಕ ಪ್ರಯೋಗಗಳು (ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಿಗೆ ಹಂಚಿ ಮಾಡಿದವು), ವ್ಯವಸ್ಥಿತ ವಿಮರ್ಶೆಗಳು (ಒಂದು ಪ್ರಶ್ನೆಯ ಮೇಲಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದವು), ಚಿಕಿತ್ಸಾ ಮಾರ್ಗಸೂಚಿಗಳು ಮಾತ್ರ ಇವೆ. ಕಸ ಮೊದಲೇ ತೂರಿ ಹೋಗಿರುತ್ತದೆ. ದೇಹದ ಭಾಗ, ತೊಂದರೆ, ಚಿಕಿತ್ಸೆಯ ಬಗೆಯನ್ನು ಪಟ್ಟಿಯಿಂದ ಆರಿಸಬಹುದು. ಒಂದೇ ತೊಡಕೆಂದರೆ ‘ಆ್ಯಂಡ್’, ‘ಆರ್’ ಎರಡನ್ನೂ ಒಂದೇ ಹುಡುಕಾಟದಲ್ಲಿ ಬೆರೆಸಲಾಗದು. ಕಾಯಿಲೆಯ ಒಂದೊಂದು ಹೆಸರಿಗೂ ಬೇರೆ ಬೇರೆಯಾಗಿ ಹುಡುಕಬೇಕು. ಪ್ರಯೋಗಗಳ ಗುಣಮಟ್ಟಕ್ಕೆ 10ರಲ್ಲಿ ಅಂಕ ಕೊಟ್ಟಿರುತ್ತಾರೆ. ಅಳತೆಗೋಲಿನಲ್ಲಿ 11 ಅಂಶಗಳಿದ್ದರೂ ಮೊದಲನೆಯದು ಲೆಕ್ಕಕ್ಕೆ ಸೇರುವುದಿಲ್ಲ. ವ್ಯಾಯಾಮ ಮಾಡಿಸುವವರಿಗಾಗಲಿ ಮಾಡುವವರಿಗಾಗಲಿ ಯಾವ ಚಿಕಿತ್ಸೆ ನಡೆದಿದೆ ಎಂಬುದನ್ನು ಮುಚ್ಚಿಡುವುದು ಅಸಾಧ್ಯವೇ ಸರಿ, ಆ ಎರಡು ಅಂಕ ಸಾಮಾನ್ಯವಾಗಿ ಸಿಗುವುದಿಲ್ಲ. ಆದ್ದರಿಂದ 8 ಅಂಕದ ವ್ಯಾಯಾಮ ಪ್ರಯೋಗವನ್ನು ಕೀಳಾಗಿ ನೋಡಬೇಡಿ.

ವ್ಯವಸ್ಥಿತ ವಿಮರ್ಶೆಗಳಿಗೆ ಹೆಸರಾದ ಕಾಕ್ರೇನ್ ಲೈಬ್ರರಿಯನ್ನೂ ಒಮ್ಮೆ ನೋಡಿ. ರೋಗಿಗಳ ಅನುಭವದಂತಹ ಗುಣಾತ್ಮಕ ಪ್ರಶ್ನೆಯಾಗಿದ್ದರೆ ನರ್ಸಿಂಗ್ ಮತ್ತು ಅದಕ್ಕೆ ಹೊಂದಿದ ಆರೋಗ್ಯ ಕ್ಷೇತ್ರಗಳ ಲೇಖನಗಳ ಸಂಗ್ರಹವಾದ ಸಿನಾಲ್ ಒಳ್ಳೆಯದು, ಅದಕ್ಕೆ ಚಂದಾ ಬೇಕು, ಕಾಲೇಜಿನ ಗ್ರಂಥಪಾಲಕರನ್ನು ಕೇಳಿ.

ಪಬ್‌ಮೆಡ್‌ನ ಎಡಬದಿಯ ಫಿಲ್ಟರ್‌ಗಳನ್ನು ಮೊದಲ ನೋಟಕ್ಕೆ ಬಳಸಿ, ಅಂತಿಮ ಹುಡುಕಾಟಕ್ಕೆ ಅವನ್ನೇ ನಂಬಬೇಡಿ. ಅವು ದಾಖಲೆಗೆ ಅಂಟಿಸಿದ ಗುರುತನ್ನು ನೋಡುತ್ತವೆ. ಗುರುತು ಬೀಳದ ಹೊಸ ಲೇಖನ ಹೊರಗುಳಿಯುತ್ತದೆ. ದಿನಾಂಕ, ಸಂಗ್ರಹದ ಹೆಸರು, ಬರೆದ ಪದಗಳ ಸಾಲು, ಬಂದ ಸಂಖ್ಯೆ, ಇವಿಷ್ಟನ್ನು ಪ್ರತಿ ಸಲವೂ ಬರೆದಿಡಿ. ಉಚಿತ ಖಾತೆ ತೆರೆದು ಹುಡುಕಾಟವನ್ನು ಉಳಿಸಿದರೆ ಹೊಸ ಲೇಖನ ಬಂದಾಗ ಇಮೇಲ್ ಬರುತ್ತದೆ.

ಹುಡುಕಾಟ ಸರಿಯಾಗಿದೆಯೇ ಎಂದು ತಿಳಿಯಲು ನಾನು ಮಾಡುವ ಪರೀಕ್ಷೆ ಇದು. ವಿಷಯಕ್ಕೆ ಸೇರಿದ್ದೆಂದು ಖಚಿತವಾಗಿ ಗೊತ್ತಿರುವ ನಾಲ್ಕೈದು ಲೇಖನಗಳನ್ನು ಮೊದಲೇ ಗುರುತಿಸಿಕೊಳ್ಳುತ್ತೇನೆ. ನನ್ನ ಹುಡುಕಾಟಕ್ಕೆ ಅವುಗಳಲ್ಲಿ ಒಂದು ಸಿಗದಿದ್ದರೂ ಅದರ ಶೀರ್ಷಿಕೆ, ಸಾರಾಂಶವನ್ನು ತೆರೆದು ನನ್ನ ಹಾಳೆಯಲ್ಲಿಲ್ಲದ ಯಾವ ಪದವನ್ನು ಅವರು ಬಳಸಿದ್ದಾರೆ ಎಂದು ನೋಡುತ್ತೇನೆ. ಆ ಪದವನ್ನು ಸೇರಿಸಿ ಮತ್ತೆ ಹುಡುಕುತ್ತೇನೆ.